ಎದುರು ಅಂಗಡಿಯ ವೀಸಾ

"ಥೂ, ಈ ಭಾವಂಗೆ ಕೂರೋಕೆ ಕನ್ನಡಕಾನೇ ಬೇಕಿತ್ತಾ!"

ಪರದೇಶದಲ್ಲಿ, ತನ್ನ ಪುಟ್ಟ ಕನ್ನಡಕದ ಅಂಗಡಿಯಲ್ಲಿ ಅಚ್ಚ ಕನ್ನಡದ ಬೈಗುಳ ಕೇಳಿ ಅವನು ತಲೆಯೆತ್ತಿದ. ಕೌಂಟರಿನಾಚೆ ಒಬ್ಬಳು ಸೊಟ್ಟಗಾದ ಫ್ರೇಮನ್ನು ಬೆಳಕಿಗೆ ಹಿಡಿದು ನಿಂತಿದ್ದಳು.

"ಕೊಡಿ ಇಲ್ಲಿ. ನಿಮ್ಮ ಭಾವನ ತೂಕ ಎಷ್ಟು?"

ಅವಳ ಕೆನ್ನೆ ಕೆಂಪಾಯಿತು. "ಅಯ್ಯೋ, ಕನ್ನಡದವರಾ? ಮೊದಲೇ ಹೇಳಬಾರದಾ?"

"ಬೈಯೋದು ಮುಗೀಲಿ ಅಂತ ಕಾದೆ."

ಅವಳು ಟೂರಿಸ್ಟ್ ವೀಸಾದಲ್ಲಿ ಅಕ್ಕನ ಮನೆಗೆ ಬಂದಿದ್ದಳು. ಊರಿನಲ್ಲಿ ಅವಳದೂ ಇದೇ ಕಸುಬು, ಲೆನ್ಸಿನ ಅಂಚು ತೀಡಿ ಫ್ರೇಮಿಗೆ ಕೂರಿಸುವುದು. ಆ ಅಂಗಡಿ ಈಚೆಗೆ ಮುಚ್ಚಿಹೋಗಿತ್ತು. ಒಂದು ಸಂಜೆ ಭಾವನ ಕನ್ನಡಕ ಸಡಿಲವಾಗಿದೆ ಎಂದು ಬಂದಳು. ಇನ್ನೊಂದು ಸಂಜೆ ಬಿಗಿಯಾಗಿದೆ ಎಂದು ಬಂದಳು. ಕಡೆಗೆ ನೆಪವೇ ಇಲ್ಲದೆ ಬರತೊಡಗಿದಳು.

ಅವನು ಸ್ಕ್ರೂ ತಿರುಗಿಸುವಾಗ ಅವಳ ಬೆರಳುಗಳು ಚಡಪಡಿಸುತ್ತಿದ್ದವು.

"ಕೊಡಿ, ನಾನು ಮಾಡ್ತೀನಿ."

"ಊಹೂಂ. ಟೂರಿಸ್ಟ್ ವೀಸಾದವರು ಕೆಲಸ ಮುಟ್ಟೋ ಹಾಗಿಲ್ಲ. ಬರೀ ನೋಡ್ಬೇಕು."

"ಸರಿ, ನೋಡ್ತೀನಿ."

ಅವಳು ಗಲ್ಲಕ್ಕೆ ಕೈಕೊಟ್ಟು ಕೂತಳು. ನೋಡಿದ್ದು ಸ್ಕ್ರೂವನ್ನಲ್ಲ. ಅವನ ಕೈಯಿಂದ ಅದು ಜಾರಿ ಎಲ್ಲೋ ಉರುಳಿತು. ಇಬ್ಬರೂ ನೆಲಕ್ಕೆ ಮಂಡಿಯೂರಿ ಹುಡುಕಿದರು. ಸಿಕ್ಕ ಮೇಲೂ ಏಳಲು ಇಬ್ಬರಿಗೂ ಅವಸರವಿರಲಿಲ್ಲ.

ಅವಳ ವೀಸಾ ಮುಗಿಯುತ್ತ ಬಂದಾಗ ಅವನು ಧೈರ್ಯ ಮಾಡಿದ. "ಇಲ್ಲಿ ದೇಶ ಬಿಟ್ಟು ಹೋಗದೇನೇ ವರ್ಕ್ ವೀಸಾಗೆ ಬದಲಾಯಿಸ್ಕೋಬಹುದು. ಕೆಲಸ ಕೊಡೋರು ಅರ್ಜಿ ಹಾಕ್ಬೇಕು, ಅಷ್ಟೆ. ನಾನು ಹಾಕ್ಲಾ?"

ಅವಳ ಮುಖ ಅರಳಿತು. ಯಾಕೋ, ಮರುಕ್ಷಣವೇ ಬಾಡಿತು. "ಯೋಚ್ನೆ ಮಾಡಿ ಹೇಳ್ತೀನಿ."

ಆಮೇಲೆ ಅವಳು ಇತ್ತ ಸುಳಿಯಲೇ ಇಲ್ಲ. ಸುದ್ದಿ ತಂದವರು ಭಾವ.

"ನಮ್ಮ ನಾದಿನಿಗೆ ಕೆಲಸ ಸಿಕ್ತು ಸ್ವಾಮಿ! ಎದುರುಗಡೆ ದೊಡ್ಡ ಕನ್ನಡಕದ ಅಂಗಡಿ ಇದ್ಯಲ್ಲ, ಅವರೇ ವೀಸಾಕ್ಕೆ ಅರ್ಜಿ ಹಾಕಿದಾರೆ."

ಅವನು ಎದುರು ಅಂಗಡಿಯ ಬೋರ್ಡಿನತ್ತ ನೋಡಿದ. ತನ್ನ ಅಂಗಡಿ ಸಣ್ಣದು, ತಾನೂ ಸಣ್ಣವನಾಗಿಯೇ ಕಂಡಿರಬೇಕು ಎಂದುಕೊಂಡ. ಆ ದಿನ ಎಡಗಣ್ಣಿನ ಲೆನ್ಸನ್ನು ಬಲಕ್ಕೆ ಕೂರಿಸಿ ಗಿರಾಕಿಯಿಂದ ಬೈಸಿಕೊಂಡ.

ಕೆಲವು ವಾರ ಕಳೆದು, ಒಂದು ಮಧ್ಯಾಹ್ನ ಅವಳು ಪಾಸ್‌ಪೋರ್ಟ್ ಹಿಡಿದು ಬಂದಳು.

"ವೀಸಾ ಬಂತು."

"ಸಂತೋಷ," ಎಂದ, ತಲೆಯೆತ್ತದೆ.

"ಮುಖ ನೋಡಿದ್ರೆ ಹರಳೆಣ್ಣೆ ಕುಡಿದ ಹಾಗಿದೆ, ಬಾಯಲ್ಲಿ ಮಾತ್ರ ಸಂತೋಷ!"

"ನನ್ನ ಅಂಗಡಿ ಯಾಕೆ ಬೇಡವಾಯ್ತು?"

ಅವಳ ನಗು ಮೆತ್ತಗಾಯಿತು. "ನಿಮ್ಮ ಹತ್ರ ಸೇರಿದ್ರೆ ನನ್ನ ವೀಸಾ ನಿಮ್ಮ ಕೈಲಿರುತ್ತೆ. ಕೋಪ ಬಂದ್ರೂ ನುಂಗ್ಕೋಬೇಕು. ನಾಳೆ ನೀವೇನಾದ್ರೂ ಕೇಳಿ, ನಾನು ಹೂಂ ಅಂದ್ರೆ, ಅಂದಿದ್ದು ಮನಸ್ಸೋ ವೀಸಾನೋ? ನಿಮಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ."

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ನಾನು... ಏನು ಕೇಳಿದ್ರೆ?"

"ಅದನ್ನೂ ನಾನೇ ಹೇಳ್ಕೊಡ್ಲಾ?"

ಅವನು ಕೌಂಟರ್ ಸುತ್ತಿ ಈಚೆ ಬಂದು, ಅವಳ ಎದುರು ನಿಂತ.

"ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು ಅವಳು, ಕಣ್ಣು ತಗ್ಗಿಸದೆ. "ಆದ್ರೆ ನಿಮ್ಮ ಗಿರಾಕಿಗಳನ್ನ ನಮ್ಮ ಅಂಗಡಿಗೆ ಎಳ್ಕೊಂಡ್ರೆ ಗೊಣಗಬಾರದು."

"ಮನೇಲಿ ಗೊಣಗಬಹುದಾ?"

"ಮನೇಲಿ ಜಗಳಾನೇ ಆಡ್ಬಹುದು. ಅದಕ್ಕೇ ತಾನೇ ಇಷ್ಟೆಲ್ಲ ಮಾಡಿದ್ದು!"

ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಅವನು ಅಂಗಡಿಯ ಶಟರ್ ಎಳೆದ. ಅಕ್ಕನ ಮನೆಯ ದಾರಿಯಲ್ಲೇ ಮೊದಲ ಜಗಳ ಶುರುವಾಯಿತು, ಮದುವೆಯ ವಿಷಯವನ್ನು ಅಕ್ಕನಿಗೆ ಯಾರು ಮೊದಲು ಹೇಳಬೇಕು ಎಂದು.