ಸೋತವರ ಕೈಗೆ ಕೊಟ್ಟ ಚೂರುಗಳು

ಪಂದ್ಯ ಗೆದ್ದ ಕಾಲು ಗಂಟೆಯೊಳಗೆ ವೆಸೆಲಾ ತೋಪಾಲೋವಾ ಸತ್ತುಹೋದಳು.

ಇನ್‌ಸ್ಪೆಕ್ಟರ್ ಸ್ನೆಜಾನಾ ಮಿನೇವಾ ಬರುವ ಹೊತ್ತಿಗೆ ಸಮುದಾಯ ಭವನದ ಬಾಗಿಲಲ್ಲಿ ಆಂಬುಲೆನ್ಸ್ ಸುಮ್ಮನೆ ನಿಂತಿತ್ತು. ಒಳಗೆ ನೆಲದ ಮೇಲೆ ಸೀಮೆಸುಣ್ಣದ ದೊಡ್ಡ ವೃತ್ತ. ನಡುವೆ ಬಿಳಿ ಬಟ್ಟೆ ಹೊದಿಸಿದ ಹೆಣ. ಗೋಡೆಗುಂಟ ಇಪ್ಪತ್ತು ಜನ. ಕೆಲವರ ಕಾಲಿಗೆ ಬಲೂನಿನ ದಾರ ಇನ್ನೂ ಜೋತಾಡುತ್ತಿತ್ತು.

ಅಂದು ಕ್ಷಮೆಯ ಭಾನುವಾರ. ಈಸ್ಟರ್ ಹಬ್ಬದ ದೊಡ್ಡ ಉಪವಾಸ ಶುರುವಾಗುವ ಮುಂಚೆ ಊರಿಗೆ ಊರೇ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಗೊರ್ನೊ ಯಾಸೆನ್ ಊರಿನಲ್ಲಿ ಆ ಮಧ್ಯಾಹ್ನ, ಎದುರಾಳಿಯ ಕಾಲಿಗೆ ಕಟ್ಟಿದ ಬಲೂನನ್ನು ತುಳಿದು ಒಡೆಯುವ ಪಂದ್ಯವೂ ಇರುತ್ತಿತ್ತು. ಎಂಟು ವರ್ಷದ ಹಿಂದೆ ಅದನ್ನು ಶುರು ಮಾಡಿದವಳೇ ವೆಸೆಲಾ, ನಿವೃತ್ತ ವ್ಯಾಯಾಮ ಶಿಕ್ಷಕಿ. ಅವಳ ದುಂಡು ಅಕ್ಷರದ ನಿಯಮಗಳು ಗೋಡೆಯ ಮೇಲಿದ್ದವು.

'ಕೈ ಬೆನ್ನ ಹಿಂದೆ ಇರಲಿ. ಕೊನೆಯ ಸುತ್ತಿನ ಬಲೂನನ್ನು ಆಟಗಾರರೇ ಪರದೆ ಹಿಂದೆ ಊದಿ ಕಟ್ಟಿಕೊಳ್ಳಬೇಕು. ತುಳಿಯಬೇಕಾದ್ದು ಬಲೂನನ್ನು, ಪಾದವನ್ನಲ್ಲ. ಒಡೆದವರು ಮಂಡಿಯೂರಿ, ಬರಿಗೈಯಲ್ಲಿ ಚೂರು ಆರಿಸಿ, ಸೋತವರ ಕೈಗೆ ಕೊಟ್ಟು "ನನ್ನನ್ನು ಕ್ಷಮಿಸು" ಅನ್ನಬೇಕು. ಸೋತವರು "ದೇವರು ಕ್ಷಮಿಸಲಿ" ಅನ್ನಬೇಕು. ಬಿಗುಮಾನ ಇರುವವರು ಆಡಬೇಡಿ.'

"ಹೃದಯಾಘಾತನಾ?" ಸ್ನೆಜಾನಾ ಕೇಳಿದಳು.

"ಅಲ್ಲ ಕಣ್ರೀ," ಅಂದರು ಡಾಕ್ಟರ್ ಕಮೆನೋವ್. "ಗಂಟಲು ಊದಿ ಮುಚ್ಚಿಹೋಗಿದೆ. ಇವಳಿಗೆ ರಬ್ಬರ್ ಆಗ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇಲ್ಲೇ ಸಾಯೋದ್ರಲ್ಲಿದ್ದು ಬದುಕಿದ್ಲು. ಆಮೇಲೆ ಆಟ ಬಿಟ್ಟು ದೂರ ನಿಂತು ತೀರ್ಪು ಮಾತ್ರ ಕೊಡ್ತಿದ್ಲು. ಈ ಸಲ ಪ್ಲಾಸ್ಟಿಕ್ ಬಲೂನು ತರಿಸಿದ್ರು ಅಂತ ಮತ್ತೆ ಇಳಿದ್ಲು."

"ಜೊತೇಲಿ ಔಷಧಿ ಇರಲಿಲ್ವಾ?"

"ಚುಚ್ಚುಮದ್ದಿನ ಪೆನ್ನು ಕೋಟಿನ ಜೇಬು ಬಿಟ್ಟು ಅಲ್ಲಾಡ್ತಿರಲಿಲ್ಲ. ಊರಿಗೆಲ್ಲ ಗೊತ್ತು. ಇವತ್ತು ಮಾತ್ರ ಇಲ್ಲ."

ಸ್ನೆಜಾನಾ ಗೂಟಕ್ಕೆ ತೂಗುಹಾಕಿದ್ದ ಕೋಟನ್ನು ನೋಡಿದಳು. ಜೇಬಿನ ಗುಂಡಿ ಬಿಚ್ಚಿತ್ತು. ಇದು ಅಪಘಾತವಲ್ಲ.

* * *

ಜನ ಬೆರಳು ತೋರಿಸಿದ್ದು ಪ್ಲಾಮೆನ್ ಕಡೆಗೆ. ಹಬ್ಬದ ಹಲ್ವಾ ಮಾಡಿ ಹಂಚಿದವನು ಅವನು. ಕಳೆದ ವರ್ಷ ಯಾರದೋ ಪಾದ ತುಳಿದನೆಂದು ವೆಸೆಲಾ ಅವನನ್ನು ಎಲ್ಲರೆದುರು ವೃತ್ತದಿಂದ ಹೊರಗೆ ಹಾಕಿದ್ದಳು.

"ಹಲ್ವಾಕ್ಕೆ ಏನು ಬೆರೆಸಿದ್ದೆ?"

"ಅಕ್ರೋಟು, ಸಕ್ಕರೆ. ಇನ್ನೇನು ಮಣ್ಣು ಬೆರೆಸ್ತಾರಾ? ಅವಳು ಅದನ್ನ ಬಾಯಿಗೇ ಇಡಲಿಲ್ಲ ಮೇಡಂ. 'ನಿನ್ನ ಕೈಯ ಸಿಹಿಗಿಂತ ಹುಳಿಯೇ ವಾಸಿ' ಅಂದ್ಲು. ಸಾಯೋ ದಿನಾನೂ ನಾಲಿಗೆಗೆ ಬೀಗ ಇರಲಿಲ್ಲ."

ಡಾಕ್ಟರು ಹೆಣದ ಅಂಗೈಗಳನ್ನು ತಿರುಗಿಸಿ ತೋರಿಸಿದರು. ಹತ್ತು ಬೆರಳ ತುದಿಗಳಲ್ಲೂ ಕೆಂಪು ದದ್ದು. ತುಟಿಯಲ್ಲಿ, ನಾಲಿಗೆಯಲ್ಲಿ ಒಂದೂ ಇಲ್ಲ.

ತಿಂದದ್ದರಿಂದಲ್ಲ. ಮುಟ್ಟಿದ್ದರಿಂದ.

"ಪ್ಲಾಮೆನ್, ನೀನು ಮನೆಗೆ ಹೋಗು."

ವೇದಿಕೆಯ ಅಂಚಿನಲ್ಲಿ ಮುದುಕ ಯೋರ್ದಾನ್ ಅಕಾರ್ಡಿಯನ್ ತಬ್ಬಿ ಕುಳಿತಿದ್ದ. ಎರಡೂ ಕಣ್ಣಿಲ್ಲ. ಪ್ರತಿ ವರ್ಷ ಪಂದ್ಯಕ್ಕೆ ನುಡಿಸುವವನು ಅವನೇ.

"ತಾತ, ನಿಮಗೆ ಏನಾದ್ರೂ ಕೇಳಿಸ್ತಾ?"

"ನನಗೆ ಕೇಳಿಸೋದೊಂದೇ ತಾನೇ ಮಗಳೇ. ಪ್ಲಾಸ್ಟಿಕ್ ಬಲೂನು ಒಡೆದ್ರೆ 'ಫುಸ್' ಅನ್ನುತ್ತೆ. ಹತ್ತು ಫುಸ್ ಎಣಿಸಿದೆ. ಕೊನೇದು ಮಾತ್ರ 'ಠಪ್' ಅಂತು, ಹಳೇ ಕಾಲದ ಹಾಗೆ."

"ಆಮೇಲೆ?"

"ವೆಸೆಲಾ 'ನನ್ನನ್ನು ಕ್ಷಮಿಸು' ಅಂದ್ಲು. ಸೋತವರು ಉತ್ತರ ಕೊಟ್ಟ ಮೇಲೇ ನಾನು ಹಾಡು ಎತ್ತೋದು. ಬೆರಳಿಟ್ಟುಕೊಂಡು ಕಾಯ್ದೆ. ಉತ್ತರ ಬರಲೇ ಇಲ್ಲ."

ಸ್ನೆಜಾನಾ ಹೆಣದ ಕಾಲಿನ ಬೂಟು ಬಿಚ್ಚಿಸಿದಳು. ಅಡಿಯ ಗೀರಿನಲ್ಲಿ ಉಗುರಿನಷ್ಟು ಕೆಂಪು ರಬ್ಬರ್ ಸಿಕ್ಕಿಕೊಂಡಿತ್ತು.

ಕೊನೆಯ ಸುತ್ತಿನಲ್ಲಿ ಸೋತವಳು ದೋಬ್ರಿನಾ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು, ಯಾರ ತಂಟೆಗೂ ಹೋಗದವಳು. ಬಲೂನಿನ ಚೂರು ಎಲ್ಲಿ ಎಂದು ಪೊಲೀಸರು ಕೇಳಿದಾಗ ಪ್ಲಾಸ್ಟಿಕ್ ಚೂರುಗಳನ್ನಷ್ಟೇ ಕೊಟ್ಟು, ಆಗಲೇ ಮನೆಗೆ ಹೋಗಿದ್ದಳು.

"ಅವರಿಬ್ಬರ ನಡುವೆ ಏನಾದ್ರೂ ಜಗಳ?"

ಯೋರ್ದಾನ್ ಅಕಾರ್ಡಿಯನ್ ಪಕ್ಕಕ್ಕಿಟ್ಟ. "ನೀವು ಮರೆತಿರಾ? ರಾಲಿತ್ಸಾ."

* * *

ಹಳೆಯ ಕಡತ ಠಾಣೆಯ ಕಪಾಟಿನ ತಳದಲ್ಲಿತ್ತು. ಒಂಬತ್ತು ವರ್ಷದ ಹಿಂದಿನದು. ರಾಲಿತ್ಸಾ, ಹದಿಮೂರು ವರ್ಷ, ದೋಬ್ರಿನಾಳ ಒಬ್ಬಳೇ ಮಗಳು. ಉಬ್ಬಸದ ಹುಡುಗಿ. ಶಾಲೆಯ ಮೈದಾನದಲ್ಲಿ ಓಡುವಾಗ 'ಉಸಿರು ಕಟ್ಟುತ್ತಿದೆ' ಅಂದಳು. ಶಿಕ್ಷಕಿ 'ನಾಟಕ ಸಾಕು, ಇನ್ನೊಂದು ಸುತ್ತು' ಅಂದಳು. ಆ ಸುತ್ತು ಮುಗಿಯಲಿಲ್ಲ. ಶಿಕ್ಷಕಿ ವೆಸೆಲಾ ತೋಪಾಲೋವಾ.

ವರದಿಯ ಕೊನೆಯ ಸಾಲು: 'ಸಹಜ ಸಾವು. ಯಾರ ತಪ್ಪೂ ಕಂಡುಬಂದಿಲ್ಲ.'

ಕೆಳಗೆ ಸಹಿ: ಸ್ನೆಜಾನಾ ಮಿನೇವಾ.

ಆಗ ಅವಳು ಹೊಸಬಳು. ಅಂದು ಒಂದೇ ದಿನ ಮೂರು ವರದಿ ಮುಗಿಸಿದ್ದಳು. ಸಹಿ ನೆಟ್ಟಗಿತ್ತು.

* * *

ಸೋಮವಾರ ಬೆಳಿಗ್ಗೆ ದೋಬ್ರಿನಾಳ ಮನೆ. ಬಾಗಿಲ ಮೇಲೆ ಮಗಳ ಫೋಟೋ ಇದ್ದ ಸಾವಿನ ಚೀಟಿ, ಸತ್ತವರ ನೆನಪಿಗೆ ಆ ಕಡೆ ಮನೆಮನೆಯಲ್ಲೂ ಅಂಟಿಸುವಂಥದ್ದು; ಹೋದ ವಾರವಷ್ಟೇ ಹೊಸದಾಗಿ ಅಂಟಿಸಿದ್ದು.

"ಬನ್ನಿ ಮೇಡಂ. ಕಾಫಿ ಇಟ್ಟಿದ್ದೀನಿ."

ಸ್ನೆಜಾನಾ ನಿಂತೇ ಮಾತಾಡಿದಳು.

"ಕೊನೇ ಸುತ್ತಿನ ಬಲೂನನ್ನ ಆಟಗಾರರೇ ಪರದೆ ಹಿಂದೆ ಊದಿ ಕಟ್ಟಿಕೊಳ್ಳಬೇಕು. ನೀವು ಪ್ಲಾಸ್ಟಿಕ್ ಒಳಗೆ ಅದೇ ಬಣ್ಣದ ರಬ್ಬರ್ ಬಲೂನು ತೂರಿಸಿ ಊದಿದ್ರಿ, ರಬ್ಬರಿನ ಅಂಶ ಉಸಿರಿಗೂ ಹೋಗಲಿ ಅಂತ ಅದಕ್ಕೆ ಪುಡಿ ಮೆತ್ತಿದ್ರಿ. ಬೇಕಂತಲೇ ಸೋತ್ರಿ. ಗೆದ್ದವಳು ಮಂಡಿಯೂರಿ, ಮುಖ ನೆಲಕ್ಕೆ ಬಗ್ಗಿಸಿ, ಬರಿಗೈಯಲ್ಲಿ ಆರಿಸಲೇಬೇಕು. ಅವಳೇ ಬರೆದ ನಿಯಮ, ಮೀರೋಳಲ್ಲ ಅಂತ ಗೊತ್ತಿತ್ತು. ರಬ್ಬರ್ ಚೂರುಗಳನ್ನ ಅವಳೇ ನಿಮ್ಮ ಕೈಗೆ ಕೊಟ್ಳು. ನೀವು ಜೇಬಿಗೆ ಹಾಕ್ಕೊಂಡ್ರಿ. ಒಂದು ಮಾತ್ರ ಅವಳ ಬೂಟಿಗೆ ಸಿಕ್ಕಿಕೊಂಡಿತ್ತು. ಪೆನ್ನು ಮೊದಲೇ ತೆಗೆದಿದ್ರಿ."

ದೋಬ್ರಿನಾ ಮೇಜಿನ ಡ್ರಾಯರ್ ಎಳೆದು ಪೆನ್ನು ತೆಗೆದಿಟ್ಟಳು. ಪಕ್ಕದಲ್ಲಿ ಕೆಂಪು ಚೂರುಗಳು.

"ಎಂಟು ವರ್ಷ ಆಡಿದೆ ಮೇಡಂ. ಆ ಹಾಳು ಆಟ ನನಗೆ ಇಷ್ಟವಿತ್ತು ಅಂದ್ಕೊಂಡ್ರಾ? ಪ್ರತಿ ವರ್ಷ ಅವಳು ಊರವರಿಗೆಲ್ಲ ಕ್ಷಮೆ ಕೇಳೋದು ಕಲಿಸ್ತಿದ್ಲು. ಒಂದು ಸಲ ನನ್ನ ಕಡೆ ತಿರುಗಿ ಕೇಳ್ತಾಳೆ ಅಂತ ಕಾಯ್ದೆ. ನಿನ್ನೆ ಕೇಳಿದ್ಲು. ಬಲೂನು ಒಡೆದಿದ್ದಕ್ಕೆ."

"ಅವಳು ಬಿದ್ದಾಗ ಪೆನ್ನು ಎಲ್ಲಿತ್ತು?"

"ನನ್ನ ಮುಷ್ಟಿಯೊಳಗೆ. ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳಿದೆ, 'ನನ್ನ ಮಗಳ ಹೆಸರು ಹೇಳು.' ಹೇಳಿದ್ರೆ ಚುಚ್ಚಿಬಿಡ್ತಿದ್ದೆ. ದೇವರಾಣೆ."

"ಗಂಟಲು ಮುಚ್ಚಿದವಳು ಹೇಗೆ ಹೇಳ್ತಾಳೆ ದೋಬ್ರಿನಾ?"

"ಉಸಿರು ಕಟ್ತಿದೆ ಅಂತ ರಾಲಿತ್ಸಾಗೂ ಎರಡನೇ ಸಲ ಹೇಳೋಕಾಗಲಿಲ್ಲ."

ಒಲೆಯ ಮೇಲೆ ಕಾಫಿ ಉಕ್ಕಿತು. ಇಬ್ಬರೂ ಆರಿಸಲು ಹೋಗಲಿಲ್ಲ.

"ನೀವೂ ಬಂದಿದ್ರಿ ಆವತ್ತು," ಅಂದಳು ದೋಬ್ರಿನಾ. "ಆ ಕುರ್ಚಿಯಲ್ಲೇ ಕೂತಿದ್ರಿ. ಕಾಫಿ ಕುಡಿದು, ಯಾರ ತಪ್ಪೂ ಇಲ್ಲ ಅಂತ ಬರೆದುಕೊಂಡು ಹೋದ್ರಿ."

ಸ್ನೆಜಾನಾಳ ಬಾಯಿ ತೆರೆಯಿತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

ದೋಬ್ರಿನಾ ಕೈ ಅಡ್ಡ ಹಿಡಿದಳು. "ಬೇಡ. ಹಬ್ಬ ನಿನ್ನೆಗೇ ಮುಗೀತು."

ಅವಳೇ ಎದ್ದು ಒಲೆ ಆರಿಸಿದಳು. ಕೋಟು ಹಾಕಿಕೊಂಡು ಮುಂದೆ ನಡೆದಳು.

ಆ ವಾರವೇ ಸ್ನೆಜಾನಾ ರಾಲಿತ್ಸಾಳ ಕಡತವನ್ನು ಮತ್ತೆ ತೆರೆಯಬೇಕೆಂದು, ತನ್ನ ತಪ್ಪನ್ನೂ ಸೇರಿಸಿ, ಮೇಲಧಿಕಾರಿಗೆ ಬರೆದಳು. ಎರಡು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು: ಅವಧಿ ಮೀರಿದೆ.