ಗಾಜಿನ ಪೆಟ್ಟಿಗೆಯಲ್ಲಿದ್ದ ಸೌಟು

ಸೌಟು ಗಾಜಿನ ಪೆಟ್ಟಿಗೆಯಲ್ಲೇ ಇತ್ತು; ಆದರೆ ಅದು ಆ ಸೌಟಾಗಿರಲಿಲ್ಲ. ತಿನಿಸುಗಳ ಮ್ಯೂಸಿಯಂನ ಮೇಲ್ವಿಚಾರಕರು ಹಳೆಯ ಫೋಟೋವನ್ನು ಪಕ್ಕಕ್ಕೆ ಹಿಡಿದು ತೋರಿಸಿದಾಗ ದಾರಿಯಣ್ಣ ಗಾಜಿಗೆ ಮುಖ ತಂದು ನೋಡಿದ. ಫೋಟೋದಲ್ಲಿ ಮರದ ಸೌಟಿನ ಬಲ ಅಂಚು ಸವೆದಿತ್ತು. ಪೆಟ್ಟಿಗೆಯಲ್ಲಿದ್ದುದರ ಎಡ ಅಂಚು.

"ಪೆಟ್ಟಿಗೆಯ ಬೀಗದ ಕೈ ಇರೋದು ನಿಮ್ಮ ಹತ್ತಿರ ಮಾತ್ರ. ಸಂಜೆಯೊಳಗೆ ಸೌಟು ಬರಲಿಲ್ಲ ಅಂದ್ರೆ ಆ ಕೈಯನ್ನ ಇಲ್ಲಿಟ್ಟು ಕೆಲಸ ಬಿಟ್ಟು ಹೊರಡಿ," ಎಂದರು ಅವರು.

ಹದಿನೆಂಟು ವರ್ಷದಿಂದ ದಾರಿಯಣ್ಣ ಊರು ನೋಡಬಂದವರನ್ನು ಅಂಗಡಿಯಿಂದ ಅಂಗಡಿಗೆ ನಡೆಸಿ, ರುಚಿ ತೋರಿಸಿ, ಕೊನೆಗೆ ಈ ಗಾಜಿನ ಮುಂದೆ ತಂದು ನಿಲ್ಲಿಸುತ್ತಿದ್ದ. ಹಣ್ಣಿನ ಜಾಮು ಕಾಯಿಸಿ ಮಾರುತ್ತಿದ್ದ, ಈಗ ತೀರಿಹೋದ ಜಾಮಿನ ಅಜ್ಜಿ ನಲವತ್ತು ವರ್ಷ ತಿರುವಿದ ಸೌಟು ಅದು. "ಸವೆದ ಮರ ಎಲ್ಲಿ ಹೋಯ್ತು ಅಂತೀರಾ? ನಮ್ಮ ಹೊಟ್ಟೆಗೇ," ಎನ್ನುತ್ತಿದ್ದ. ಜನ ನಗುತ್ತಿದ್ದರು.

ಅವನು ನೇರ ತೂಕದಮ್ಮನ ಮನೆಯ ಮೆಟ್ಟಿಲು ಹತ್ತಿದ. ಮಾರುಕಟ್ಟೆಯ ತಕ್ಕಡಿಗಳನ್ನು ಪರೀಕ್ಷಿಸಿ ನಿವೃತ್ತಳಾದ ಅವಳ ಬಳಿಗೇ ಊರಿನ ಕಳವಿನ ದೂರುಗಳೆಲ್ಲ ಬರುತ್ತಿದ್ದವು. ಪತ್ತೆಗೆ ಅವಳ ಜೊತೆ ಓಡಾಡಲು ಅವನು ಇದ್ದೇ ಇರುತ್ತಿದ್ದ. ಈ ಸಲ ಹೋಗಿದ್ದು ಅವನದೇ ಮಾನ.

ಅವಳು ಮ್ಯೂಸಿಯಂಗೆ ಬಂದು ಪೆಟ್ಟಿಗೆಯಲ್ಲಿದ್ದ ಸೌಟಿನ ಅಂಚಿಗೆ ಹೆಬ್ಬೆರಳು ಸವರಿದಳು. "ಉಜ್ಜಿ ಸವೆಸಿದ್ದಲ್ಲ ಇದು, ದುಡಿದು ಸವೆದದ್ದು. ಈ ವಾರ ನೀವು ಊರು ತೋರಿಸಿದ ಜನ ಏನಾದ್ರೂ ತಕರಾರು ತೆಗೆದ್ರಾ?"

"ಜಾಮಿನಂಗಡೀಲಿ ಒಬ್ರು ಜಾಮು ಹಸಿ ಮರದ ವಾಸನೆ ಅಂದ್ರು. ನಾಲಿಗೆ ಸುಸ್ತಾಗಿದೆ ನಿಮಗೆ ಅಂತ ನಗಿಸಿಬಿಟ್ಟೆ."

"ಕೀ ಇರೋ ನಿಮ್ಮ ಚೀಲ ರುಚಿ ತೋರ್ಸುವಾಗ ಎಲ್ಲಿಡ್ತೀರಿ?"

"ಅಲ್ಲೇ, ಜಾಮಿನಂಗಡೀಲೇ. ದಿನಾ." ಹೇಳಿದ ಮೇಲೆ ಆ ಮಾತನ್ನು ನುಂಗಿಕೊಳ್ಳಬೇಕಿತ್ತು ಎನ್ನಿಸಿತು ಅವನಿಗೆ.

ಸಂಜೆ ಪೆಟ್ಟಿಗೆಯ ಮುಂದೆ ನಾಲ್ಕು ಸ್ಟೂಲು ಹಾಕಿದರು. ಮೇಲ್ವಿಚಾರಕರು, ದಾರಿಯಣ್ಣ, ಸೌಟಿಗೆ ಎರಡು ಸಲ ಬೆಲೆ ಕೇಳಿದ್ದ ಹಳೆ ಸಾಮಾನಿನ ವ್ಯಾಪಾರಿ, ಜಾಮಿನಂಗಡಿಯನ್ನು ಈಗ ನಡೆಸುತ್ತಿದ್ದ ಅಜ್ಜಿಯ ಮಗಳು.

"ನನ್ನನ್ನ ಯಾಕೆ ಕರೆದ್ರಿ, ಕಳ್ಳನ ಮುಖ ಅಂತಾನಾ?" ಎಂದ ವ್ಯಾಪಾರಿ.

"ನಿಮ್ಮ ಮೇಲಿನ ಅನುಮಾನ ಬಿಡಿಸೋಕೆ," ಎಂದಳು ತೂಕದಮ್ಮ. "ನೀವಾಗಿದ್ರೆ ಫೋಟೋ ನೋಡಿ ಸರಿಯಾದ ಅಂಚನ್ನೇ ಉಜ್ಜಿಸ್ತಿದ್ರಿ. ಅಜ್ಜಿ ಎಡಗೈಯವಳು, ಅವಳ ಸೌಟು ಸವೆದಿದ್ದು ಬಲಕ್ಕೆ. ಇದು ಬಲಗೈಯವರದ್ದು. ದಿನಾ ದೊಡ್ಡ ಪಾತ್ರೇಲಿ ತಿರುವೋರದ್ದು. ಅವರು ತಮ್ಮ ಸೌಟನ್ನ ಇಲ್ಲಿಟ್ಟರು, ಅಂಗಡಿಗೆ ಹೊಸದು ತಂದರು. ಹೊಸ ಮರ ಜಾಮಿಗೆ ವಾಸನೆ ಬಿಟ್ಟಿತು. ಕೀ ಇದ್ದ ಚೀಲ ದಿನಾ ಅವರ ಕೈಗೆಟುಕೋ ಹಾಗಿತ್ತು."

ಮಗಳು ಸೆರಗಿನೊಳಗಿಂದ ಅಜ್ಜಿಯ ಸೌಟನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಪ್ಪನಿಗೆ ಯಾರ ನೆನಪೂ ಇಲ್ಲ. ಊಟ ಬಿಟ್ಟಿದ್ರು. ಇದು ಪಾತ್ರೆಯ ತಳ ಕೆರೆಯೋ ಸದ್ದು ಕೇಳಿದ್ರೆ ಮಾತ್ರ 'ಆಯ್ತೇನೇ?' ಅಂತ ಅಮ್ಮನ್ನ ಕೇಳಿ ಬಾಯಿ ತೆಗೀತಿದ್ರು. ನನ್ನ ಸೌಟಿಗೆ ಆ ಸದ್ದಿಲ್ಲ."

"ಕೇಳಿದ್ರೆ ಕೊಡ್ತಿದ್ವಲ್ಲಮ್ಮ," ಎಂದರು ಮೇಲ್ವಿಚಾರಕರು.

"ಮೂರು ಸಲ ಕೇಳಿದೆ ಸರ್. ಅರ್ಜಿ ಬರ್ಕೊಡಿ ಅಂದ್ರಿ. ಬರ್ಕೊಟ್ಟೆ." ಅವಳು ದಾರಿಯಣ್ಣನ ಕಡೆ ತಿರುಗಿದಳು. "ಮಾಮ, ನಿಮ್ಮ ತಲೆಗೆ ಬರುತ್ತೆ ಅಂತ ಹೊಳೀಲೇ ಇಲ್ಲ."

ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿದರು. "ಇಟ್ಕೊಳ್ಳಿ. ಬೇಕಾದಷ್ಟು ದಿನ."

"ಬೇಡ ಸರ್." ಅವಳು ಎದ್ದು ಅದನ್ನು ಗಾಜಿನೊಳಗೆ ಮಲಗಿಸಿ, ತನ್ನದನ್ನು ಎತ್ತಿಕೊಂಡಳು. "ನಿನ್ನೆಯಿಂದ ಎಷ್ಟು ಕೆರೆದ್ರೂ ಅಪ್ಪ ತಿರುಗಿ ನೋಡ್ತಿಲ್ಲ."

ಮರುದಿನ ದಾರಿಯಣ್ಣ ಜನರನ್ನು ಕರೆತಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದ. "ಸವೆದ ಮರ ಎಲ್ಲಿ ಹೋಯ್ತು ಅಂತೀರಾ?" ಎಂದ. ಎಲ್ಲರೂ ನಗಲು ಸಿದ್ಧರಾಗಿ ಅವನ ಮುಖ ನೋಡುತ್ತ ನಿಂತರು. 'ನಮ್ಮ ಹೊಟ್ಟೆಗೇ' ಎಂಬ ಮಾತು ಮಾತ್ರ ಅವನಿಗೆ ಬರಲಿಲ್ಲ.