ಹಸಿರು ಗೇಟು

‘ಇವತ್ತು ಒಂದು ಕಾರಿಗೆ ಹೆದರಿದೆ’ ಎಂದು ಇಂಚರ ತನ್ನ ದಿನಚರಿಯಲ್ಲಿ ಬರೆದಳು. ಬರೆದ ಮೇಲೆ ನಾಚಿಕೆಯಾಯಿತು. ಮನುಷ್ಯರಿಗೆ ಹೆದರುವುದು ಅವಳಿಗೆ ಹಳೆಯ ಅಭ್ಯಾಸ. ಆದರೆ ಚಕ್ರಗಳ ಮೇಲೆ ನಿಂತ ತಗಡಿಗೂ ‘ಬೇಡ’ ಎನ್ನಲಾಗದಿದ್ದರೆ ಹೇಗೆ?

ಆ ಕಾರು ಬೆಳಿಗ್ಗೆ ತನ್ನ ಯಜಮಾನನನ್ನು ಬ್ಯಾಂಕಿನ ಬಾಗಿಲಲ್ಲಿ ಇಳಿಸಿ, ತಾನೇ ಜಾಗ ಹುಡುಕಿಕೊಂಡು ತಾರಾನಗರದ ನಾಲ್ಕನೇ ಅಡ್ಡರಸ್ತೆಗೆ ಬಂದಿತ್ತು. ಒಳಗೆ ಯಾರೂ ಇರಲಿಲ್ಲ. ಇಂಚರಳ ಮನೆಯ ಗೇಟಿನ ಮುಂದೆ ನಿಧಾನಿಸಿ ಹೆಣ್ಣುದನಿಯಲ್ಲಿ ಕೇಳಿತು: “ನಮಸ್ಕಾರ. ನಾನು ಇಲ್ಲಿ ಮೂರು ಗಂಟೆ ನಿಲ್ಲಬಹುದೇ? ದಯವಿಟ್ಟು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ.”

ಬೇಡ ಎನ್ನಬೇಕೆಂದೇ ಇಂಚರ ಬಾಯಿ ತೆರೆದಿದ್ದಳು. ಹೊರಬಂದದ್ದು “ಪರವಾಗಿಲ್ಲ.”

ಕಾರು ಧನ್ಯವಾದ ಹೇಳಿ ಅಡ್ಡಡ್ಡಲಾಗಿ ಜರುಗಿತು. ಗೇಟಿಗೂ ತನಗೂ ನಡುವೆ ನಾಲ್ಕು ಬೆರಳು ಬಿಟ್ಟು ಅಚ್ಚುಕಟ್ಟಾಗಿ ನಿಂತಿತು.

ಆ ಕಾಲಕ್ಕೆ ಕಾರುಗಳು ತಾವಾಗಿಯೇ ಓಡುವುದು ಯಾರಿಗೂ ಸೋಜಿಗವಾಗಿರಲಿಲ್ಲ. ಅವುಗಳಿಗೆ ಕಷ್ಟವಾಗಿದ್ದದ್ದು ನಿಲ್ಲುವುದು. ಊರಿನ ಪ್ರತಿ ಗೇಟಿಗೂ ‘ವಾಹನ ನಿಲ್ಲಿಸಬೇಡಿ’ ಎಂಬ ಫಲಕ, ಫಲಕವಿಲ್ಲದಲ್ಲಿ ಹೂಕುಂಡ, ಅದೂ ಇಲ್ಲದಲ್ಲಿ ಸೈಜುಗಲ್ಲು. ಫಲಕಗಳನ್ನೆಲ್ಲ ನಂಬಿದರೆ ಕಾರುಗಳು ಸಂಜೆಯವರೆಗೂ ಊರು ಸುತ್ತುತ್ತಲೇ ಇರಬೇಕಿತ್ತು. ಇದಕ್ಕೆ ವಾಹನ ವಿಜ್ಞಾನಿ ಡಾ. ಫಣೀಂದ್ರ ಕಂಡುಹಿಡಿದ ಪರಿಹಾರವೇ ‘ಸಮ್ಮತಿ ನಿಲುಗಡೆ’. ಕಾರು ಫಲಕವನ್ನು ಓದುವುದಿಲ್ಲ, ಮನೆಯವರನ್ನೇ ಕೇಳುತ್ತದೆ. ಅವರ ಉತ್ತರ ದನಿಯ ಸಮೇತ ಎಲ್ಲ ಕಾರುಗಳಿಗೂ ಸೇರಿದ ‘ಸಮ್ಮತಿ ನಕ್ಷೆ’ಗೆ ಹೋಗುತ್ತದೆ. ಬೇಡವೆಂದವರ ಗೇಟು ಅಲ್ಲಿ ಕೆಂಪು, ಒಪ್ಪಿದವರದು ಹಸಿರು. ಎಂಟು ಸೆಕೆಂಡು ಯಾರೂ ಉತ್ತರಿಸದಿದ್ದರೂ ಹಸಿರೇ. ಹೆಚ್ಚು ಸಲ ಬಂದ ಉತ್ತರ ಯಾವುದೋ ಅದನ್ನು ನಕ್ಷೆ ನಂಬುತ್ತದೆ, ಮುಂದಿನ ಕಾರುಗಳನ್ನು ಹಸಿರಿನತ್ತ ಕಳಿಸುತ್ತದೆ.

ಬೇಡವೆನ್ನಲು ಬಾರದವರು ಊರಿನಲ್ಲಿ ಎಷ್ಟು ಮಂದಿ ಎಂಬುದನ್ನು ಮಾತ್ರ ಫಣೀಂದ್ರ ಯೋಚಿಸಿರಲಿಲ್ಲ. ಎದುರುಮನೆಯ ಸಿದ್ದಲಿಂಗಪ್ಪನವರು, ಕಾರು ನಮಸ್ಕಾರ ಮುಗಿಸುವ ಮೊದಲೇ “ಏಯ್, ನಡಿ ಆಚೆ!” ಎಂದು ಗದರುತ್ತಿದ್ದರು. ಆ ಸಾಲಿನ ಮನೆಗಳೆಲ್ಲ ಕೆಂಪು. ಹಸಿರಾಗಿ ಉಳಿದದ್ದು ಇಂಚರಳ ಮನೆ ಒಂದೇ. ಅವಳ ತಾಯಿ ಸುಭದ್ರಮ್ಮ ಮೂವತ್ತು ವರ್ಷ ಶಿಶುವಿಹಾರದಲ್ಲಿ ಮೇಡಂ ಆಗಿದ್ದವರು. “ನಿಂತ್ಕೊಳ್ಳಲಿ ಬಿಡೆ, ಅದಕ್ಕೂ ನೆರಳು ಬೇಕು ಪಾಪ” ಎನ್ನುತ್ತಿದ್ದರು.

ಆ ಸುಭದ್ರಮ್ಮನವರ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ವಾರಕ್ಕೆ ಮೂರು ದಿನ ಬೆಳಿಗ್ಗೆ ಡಯಾಲಿಸಿಸ್ ಕೇಂದ್ರದ ವ್ಯಾನು ಬಂದು, ಗಾಲಿಕುರ್ಚಿಯ ಸಮೇತ ಅವರನ್ನು ಕರೆದೊಯ್ಯಬೇಕು. ಗೇಟಿಗೆ ಅಡ್ಡ ಕಾರುಗಳಿದ್ದದ್ದರಿಂದ ಆ ತಿಂಗಳು ಎರಡು ಸಲ ವ್ಯಾನು ಹಾಗೆಯೇ ತಿರುಗಿ ಹೋಯಿತು. ಅಮ್ಮನ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಇನ್ನೊಂದು ಸಲ ತಪ್ಪಿದರೆ ಹೃದಯ ತಡೆಯುವುದಿಲ್ಲ ಎಂದು ವೈದ್ಯರು ಇಂಚರಳನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮನಿಗೆ ಅವಳು ಅದನ್ನು ಹೇಳಲಿಲ್ಲ.

ಬಡಾವಣೆಯ ಉದ್ಯಾನದಲ್ಲಿ ನಿವಾಸಿಗಳ ಸಭೆ ನಡೆದಾಗ ಅವಳು ನಾಲ್ಕು ಪುಟದ ದೂರು ಬರೆದುಕೊಂಡು ಹೋದಳು. ಮುಂದಿನ ಬೀದಿಯಲ್ಲೇ ಮನೆಯಿದ್ದ ಫಣೀಂದ್ರ ಅಂದು ಮುಖ್ಯ ಅತಿಥಿ. ಕಾಗದವನ್ನು ತಿರುವಿ ನೋಡಿ ನಕ್ಕರು.

“ಬರೆದು ಕೊಟ್ರೆ ನನ್ನ ನಕ್ಷೆಗೆ ಓದಕ್ಕೆ ಬರಲ್ಲಮ್ಮ. ಬಾಯಿಬಿಟ್ಟು ಹೇಳ್ಬೇಕು. ಏನು ಓದಿದೀಯಾ?”

“ಬಿಎಸ್ಸಿ,” ಎಂದಳು. ಅದೂ ಅವರಿಗೆ ಕೇಳಿಸಲಿಲ್ಲ, ಪಕ್ಕದವರು ಹೇಳಬೇಕಾಯಿತು.

“ಬಿಎಸ್ಸಿ! ಅದರಲ್ಲಿ ‘ಬೇಡ’ ಅನ್ನೋ ಪಾಠ ಇರಲಿಲ್ವಾ?”

ಸಭೆ ನಕ್ಕಿತು. ಸಿದ್ದಲಿಂಗಪ್ಪನವರಂತೂ ತೊಡೆ ತಟ್ಟಿಕೊಂಡು ನಕ್ಕರು. ಬಾಡಿಗೆಯವರೂ ಉತ್ತರ ಕೊಡಬಹುದೇ ಎಂದು ಯಾರೋ ಕೇಳಿದ್ದಕ್ಕೆ ಫಣೀಂದ್ರ, “ಯಂತ್ರ ಮನೆಪತ್ರ ನೋಡಲ್ಲ. ಗೇಟಿನಲ್ಲಿ ನಿಂತವರೇ ಮನೆಯವರು,” ಎಂದರು.

ಇಂಚರ ಆ ಮಾತನ್ನು ಮನೆಗೆ ಹೊತ್ತು ತಂದಳು. ದಿನಚರಿಯಲ್ಲಿ ಬರೆದು ಅಡಿಗೆರೆ ಎಳೆದಳು. ಗೆರೆ ಎಷ್ಟು ಒತ್ತಿ ಎಳೆದಿದ್ದಳೆಂದರೆ ಮುಂದಿನ ಪುಟದಲ್ಲೂ ಮೂಡಿತು.

ಫಣೀಂದ್ರರ ಮನೆಗೆ ಹನ್ನೊಂದರಿಂದ ನಾಲ್ಕರವರೆಗೆ ಬೀಗ. ಅವರು ಪ್ರಯೋಗಾಲಯಕ್ಕೆ, ಹೆಂಡತಿ ಕಾಲೇಜಿಗೆ. ಮರುದಿನ ಮಧ್ಯಾಹ್ನ ಇಂಚರ ಆ ಗೇಟಿಗೆ ಒರಗಿ, ಹೊಂಗೆಯ ನೆರಳಿನಲ್ಲಿ ನಿಂತಳು. ಕೆಂಪು ಗೇಟುಗಳನ್ನು ದಾಟಿಕೊಂಡು ತನ್ನ ಮನೆಯತ್ತ ಹೊರಟಿದ್ದ ಕಾರೊಂದಕ್ಕೆ ಕೈ ಅಡ್ಡ ಹಿಡಿದಳು. ಅದು ನಿಂತು ಕೇಳಿತು. “ಪರವಾಗಿಲ್ಲ,” ಎಂದಳು. ಬದುಕಿನಲ್ಲಿ ಮೊದಲ ಬಾರಿಗೆ ಆ ಪದ ನಾಲಿಗೆಗೆ ಸಿಹಿಯಾಗಿತ್ತು.

ಎರಡು ವಾರ ಹೀಗೇ ನಡೆಯಿತು. ವ್ಯಾನು ಬರುವ ದಿನಗಳಲ್ಲಿ ಬೆಳಿಗ್ಗೆ ಆರರಿಂದ ತನ್ನ ಗೇಟಿನ ಹೊರಗೆ ರಸ್ತೆಯ ಮೇಲೇ ನಿಂತು ಕಾವಲು ಕಾಯುತ್ತಿದ್ದಳು. ಮನುಷ್ಯರು ನಿಂತ ಜಾಗವನ್ನು ಕಾರುಗಳು ಕೇಳುತ್ತಿರಲಿಲ್ಲ. ಮಧ್ಯಾಹ್ನ ಫಣೀಂದ್ರರ ಗೇಟಿನಲ್ಲಿ ನಿಂತು ಬಂದ ಕಾರಿಗೆಲ್ಲ ಮೆಲ್ಲಗೆ, ಸಭ್ಯವಾಗಿ ಒಪ್ಪಿಗೆ ಕೊಡುತ್ತಿದ್ದಳು. ಅವರು ಸಂಜೆ ಬಂದು “ಬೇಡ, ಬೇಡ!” ಎಂದು ಕೂಗುವುದು ಈ ಬೀದಿಗೂ ಕೇಳುತ್ತಿತ್ತು. ಕೂಗಲಿ. ದಿನಕ್ಕೆ ಅವರದು ಎರಡು ‘ಬೇಡ’, ಅವಳದು ಐದು ‘ಪರವಾಗಿಲ್ಲ’. ಅವರ ಹೆಂಡತಿ ಗೋಡೆಗೂ ಕಾರಿಗೂ ನಡುವೆ ಸೀರೆ ಒತ್ತಿಕೊಂಡು ನುಸುಳುವುದನ್ನು ಕಂಡ ದಿನ ಇಂಚರ ಎರಡು ತುತ್ತು ಹೆಚ್ಚಾಗಿ ಉಂಡಳು. ಅವರಿಗೂ ಒಂದು ತುರ್ತು ಬರಲಿ, ಅವರ ಗೇಟಿಗೂ ಒಂದು ವ್ಯಾನು ಬಂದು ತಿರುಗಿ ಹೋಗಲಿ ಎಂದು ಬರೆದಳು. ಅಳಿಸಲಿಲ್ಲ.

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಒಳಗಿನಿಂದ ಅಮ್ಮ ಕೂಗಿದರು. ತಲೆ ಸುತ್ತುತ್ತಿತ್ತು. ಇಂಚರ ಕಾವಲು ಬಿಟ್ಟು ಓಡಿದಳು. ಕುಡಿಯಲು ಒಂದು ಗುಟುಕು ನೀರು ಕೊಟ್ಟು, ಕುರ್ಚಿಗೆ ಕೂರಿಸಿ, ಅಂಗಳಕ್ಕೆ ತಳ್ಳಿಕೊಂಡು ಬರುವಷ್ಟರಲ್ಲಿ ಗೇಟಿಗೆ ನಾಲ್ಕು ಬೆರಳು ಬಿಟ್ಟು ಬಿಳಿ ಕಾರೊಂದು ನಿಂತಿತ್ತು.

ಫೋನು ಬಡಿದುಕೊಂಡಿತು. ವ್ಯಾನಿನ ಅಕ್ಮಲ್. “ಅಕ್ಕಾ, ತಿರುವಿನಲ್ಲಿದೀನಿ. ಗೇಟಿಗೆ ಮತ್ತೆ ಗಾಡಿ ಹಾಕಿದಾರಲ್ಲ! ಹತ್ತು ನಿಮಿಷ ನೋಡ್ತೀನಿ, ಒಳಗೆ ಇನ್ನಿಬ್ಬರು ಕೂತಿದಾರೆ.”

ಅಷ್ಟರಲ್ಲಿ ಕೈಯಲ್ಲಿ ಟ್ಯಾಬು ಹಿಡಿದು, ತಲೆ ಬಾಚದೆ, ಫಣೀಂದ್ರ ದಾಪುಗಾಲು ಹಾಕಿಕೊಂಡು ಬಂದರು.

“ಇಲ್ಲಿದೀಯಾ ನೀನು!” ಎಂದರು ಕಾರಿಗೆ. ಆಮೇಲೆ ಅಂಗಳದತ್ತ ನೋಡಿ, “ಕ್ಷಮಿಸಿ. ವಾಕಿಂಗಿಗೆ ಅಂತ ಪಾರ್ಕ್ ಹತ್ರ ಗಾಡಿಯಿಂದ ಇಳಿದೆ, ಹೋಗಿ ಮನೆ ಹತ್ರ ನಿಂತ್ಕೋ ಅಂದೆ. ನಮ್ಮನೆ ಮುಂದೆ ನಾಲ್ಕು ಗಾಡಿ, ನನ್ನದಕ್ಕೇ ಜಾಗ ಇಲ್ಲ. ಹಸಿರು ಹುಡುಕ್ಕೊಂಡು ಇಲ್ಲಿಗೆ ಬಂದುಬಿಟ್ಟಿದೆ.”

ಇಂಚರಳಿಗೆ ಲೆಕ್ಕ ಹೊಳೆಯಿತು. ಈ ಕಾರನ್ನು ಇಲ್ಲಿಗೆ ಕಳಿಸಿದವಳು ಅವಳೇ.

“ಗಾಡಿ ತೆಗೀರಿ,” ಎಂದಳು. ತುಟಿ ಮಾತ್ರ ಅಲ್ಲಾಡಿತು.

“ಒಂದು ಅರ್ಧ ಗಂಟೆ, ಅಮ್ಮ,” ಎಂದರು ಫಣೀಂದ್ರ, ಸುಭದ್ರಮ್ಮನವರಿಗೆ. “ಯಾರೋ ಒಬ್ಬಳು ನಮ್ಮ ಗೇಟಿನಲ್ಲಿ ನಿಂತು ಎಪ್ಪತ್ತೊಂದು ಸಲ ಒಪ್ಪಿಗೆ ಕೊಟ್ಟಿದಾಳೆ. ನಕ್ಷೆಯ ದನಿಗಳನ್ನೆಲ್ಲ ಈ ಗಾಡಿಯ ನೆನಪಿನ ಕೋಶಕ್ಕೆ ಇಳಿಸ್ಕೊಂಡು, ಅದು ಯಾರ ದನಿ ಅಂತ ಪತ್ತೆ ಮಾಡ್ತಿದೀನಿ. ಮುಗಿಯೋವರೆಗೂ ಅಲ್ಲಾಡಿಸೋ ಹಾಗಿಲ್ಲ, ಹೊರಟರೆ ಎಲ್ಲ ಮೊದಲಿಂದ ಶುರು. ಕೇಳಿ ಬೇಕಾದ್ರೆ, ನಿಮ್ಮ ಪರಿಚಯದವರೇನೋ.”

ಟ್ಯಾಬನ್ನು ಒತ್ತಿದರು. ‘ಪರವಾಗಿಲ್ಲ.’ ಮತ್ತೆ, ‘ಪರವಾಗಿಲ್ಲ.’

ಸುಭದ್ರಮ್ಮ ತಲೆಯೆತ್ತಿ ಮಗಳನ್ನು ನೋಡಿದರು. ಹೆತ್ತವಳಿಗೆ ಪತ್ತೆ ಮಾಡಲು ಕೋಶ ಬೇಕಿರಲಿಲ್ಲ. ಊದಿದ ಕೈಯನ್ನು ಮಗಳ ಕೈಯ ಮೇಲಿಟ್ಟು ಸುಮ್ಮನಿರು ಎಂಬಂತೆ ಒತ್ತಿದರು.

“ಯಾರದೋ ಗೊತ್ತಿಲ್ಲ ಸಾರ್. ನಿಮ್ಮ ಕೆಲಸ ಮುಗಿಸ್ಕೊಳ್ಳಿ,” ಎಂದರು. “ನಾನು ಶನಿವಾರ ಹೋಗ್ತೀನಿ. ಏನೂ ತೊಂದರೆ ಇಲ್ಲ.”

ತಿರುವಿನಿಂದ ವ್ಯಾನಿನ ಹಾರ್ನು ಕೇಳಿತು. ಒಮ್ಮೆ. ಸ್ವಲ್ಪ ತಡೆದು ಇನ್ನೊಮ್ಮೆ.

“ತೊಂದರೆ ಇಲ್ಲ ಅಂದ್ರಲ್ಲ, ಸಂತೋಷ,” ಎಂದು ಫಣೀಂದ್ರ ಟ್ಯಾಬಿನತ್ತ ತಿರುಗಿದರು.

ಇಂಚರ ಅಮ್ಮನ ಕೈ ಬಿಡಿಸಿಕೊಂಡು ಗೇಟಿನ ಹತ್ತಿರ ಬಂದಳು. ಅವಳ ಗಂಟಲಿನಿಂದ ಹೊರಟ ದನಿಗೆ ಎದುರುಮನೆಯ ಸಿದ್ದಲಿಂಗಪ್ಪನವರು ಪತ್ರಿಕೆ ಕೆಳಗಿಟ್ಟು ಎದ್ದು ನಿಂತರು.

“ಹುಡುಕೋದು ನಿಲ್ಲಿಸಿ ಸಾರ್! ಆ ದನಿ ನಂದು. ಬೇಕು ಅಂತಲೇ ಹೇಳಿದ್ದು. ಈಗ ಗಾಡಿ ತೆಗೀರಿ, ಇವತ್ತು ಹೋಗದಿದ್ರೆ ನಮ್ಮಮ್ಮ ಉಳಿಯಲ್ಲ.”